ಜ್ಞಾನತಂದೆ

ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯನ್ನು ಪಸೀತಾ ಬಾಳೆಎಲೆಯ ಚೂರಿನ ಮೇಲೆ ಒಮ್ಮೆ ಎಳೆದಳು. ಎಲೆ ಚುರ್ ಎಂದು ಬಾಡಿತು. ತಳ ನುಣುಪಾಯಿತೆಂದು ನೋಡಿಕೊಂಡು ಖಾಕಿ ಅಂಗಿಯ ತೋಳಿನ ಮೇಲೆ ಅದನ್ನಿಟ್ಟು, ಮಡಿಕೆ ಅಲುಗಿನಂತೆ ಎದ್ದು ನಿಲ್ಲುವವರೆಗೆ ಒತ್ತಿದಳು. ಗಂಡ ಅನ್ಸೆಲ್ಮೊ ಬನಿಯನ್ನಿನಲ್ಲಿ ಕಿಟಕಿಯ ಪಕ್ಕ ಕೂತು ಆ ಅಂಗಿಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದ. ಅತ್ತೆ ಇಸ್ಕಾ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಜಪಮಾಲೆ ಹಿಡಿದಿದ್ದಳು, ತುಟಿಗಳಷ್ಟೇ ಅಲುಗುತ್ತಿದ್ದವು. ತಟ್ಟೆಯಲ್ಲಿ ಬೆಳ್ಳುಳ್ಳಿ ಹಾಕಿ ಹುರಿದ ಅನ್ನ, ಒಣಮೀನು ಹಾಗೇ ಆರುತ್ತಿತ್ತು. ಎದ್ದಾಗಿನಿಂದ ಮೂವರಲ್ಲಿ ಯಾರೂ ಮಾತಾಡಿರಲಿಲ್ಲ. ಮಾತಾಡಿದರೆ ಎಲ್ಲೋ ಮೇಲಿಟ್ಟದ್ದು ಬಿದ್ದು ಒಡೆಯುತ್ತದೆ ಎನ್ನುವ ಹಾಗಿತ್ತು ಮನೆ.

ಇವತ್ತು ಅವನು ಸೆನೆಟ್ಟಿನ ಸಮಿತಿಯ ಮುಂದೆ ಕೂತು ಅಲ್ಲಿ ಏನು ಮಾಡಿದೆ ಎಂದು ಹೇಳಬೇಕಿತ್ತು. ಆ ದೇಶದ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ‘ಅಲ್ಲಿ’ ಎಂದರೆ ಸಾಕಿತ್ತು. ಅಲ್ಲಿಯ ಯುದ್ಧ ನಮ್ಮದಲ್ಲ, ನಮ್ಮ ಹುಡುಗರು ಅಲ್ಲಿ ರಸ್ತೆ ಹಾಕುತ್ತಾರೆ, ಬಾವಿ ತೋಡುತ್ತಾರೆ, ಕಾಯಿಲೆಯವರಿಗೆ ಔಷಧಿ ಕೊಡುತ್ತಾರೆ, ಅಷ್ಟೇ, ಎಂದು ಸರ್ಕಾರ ರೇಡಿಯೋದಲ್ಲಿ ಹೇಳಿತ್ತು. ಸೆನೆಟ್ಟಿನಲ್ಲಿ ಎದ್ದು ನಿಂತೂ ಹೇಳಿತ್ತು. ಅನ್ಸೆಲ್ಮೊ ಅಲ್ಲಿ ಲಾರಿ ಓಡಿಸುತ್ತಿದ್ದ. ಸಿಮೆಂಟ್ ಮೂಟೆಗಳ ಅಡಿಯಲ್ಲಿ ಏನಿರುತ್ತಿತ್ತು ಎಂಬುದನ್ನು ಅವನು ಅವಳಿಗೆ ಒಂದೇ ಸಲಕ್ಕೆ ಹೇಳಿರಲಿಲ್ಲ. ಉಣ್ಣುವಾಗ ಅರ್ಧ, ತೊಟ್ಟಿಲು ತೂಗುವಾಗ ಇನ್ನಷ್ಟು, ಹೀಗೆ. ಫಿರಂಗಿಗೆ ಹಾಕುವ ಗುಂಡುಗಳು. ಬೇರೆ ದೇಶದ ಸೈನ್ಯದ ಫಿರಂಗಿಗಳಿಗೆ. ಅಪ್ಪಣೆ ಇಲ್ಲಿಂದ, ಮನಿಲಾದಿಂದಲೇ ಬಂದಿತ್ತಂತೆ, ಬಾಯಿಮಾತಿನಲ್ಲಿ. ಆ ಗುಂಡುಗಳು ಬಿದ್ದ ಒಂದು ಹಳ್ಳಿಯಿಂದ ಮಾರನೆಯ ದಿನ ಅದೇ ಲಾರಿಯಲ್ಲಿ, ಚಾಪೆ ಮುಚ್ಚಿ, ಹೆಣ ಹೊತ್ತು ತಂದಿದ್ದ. ಚಾಪೆಯ ಅಂಚಿನಿಂದ ಒಬ್ಬ ಹೆಂಗಸಿನ ಕೂದಲು ಹೊರಗೆ ಬಿದ್ದು ದಾರಿಯುದ್ದಕ್ಕೂ ಹಲಗೆಗೆ ಸವರುತ್ತಿತ್ತು ಎಂದು ಹೇಳಿದವನು, ಇದ್ದಕ್ಕಿದ್ದಂತೆ, ನೀನು ಮೊದಲು ಕೂದಲು ಕಟ್ಟಿಕೋ ಎಂದು ಗದರಿದ್ದ. ಆಮೇಲೆ ಅವಳು ಮನೆಯೊಳಗೆ ಕೂದಲು ಬಿಟ್ಟಿರಲಿಲ್ಲ. ಸ್ನಾನ ಮಾಡಿದರೂ ಒದ್ದೆಯಲ್ಲೇ ಗಂಟು ಹಾಕಿಕೊಳ್ಳುತ್ತಿದ್ದಳು.

ಅವನ ಜೊತೆಗೆ ಲಾರಿ ಓಡಿಸುತ್ತಿದ್ದ ರುಫೀನೊ ಎಂಬವನು ಊರಿಗೆ ಬಂದ ಮೇಲೆ ಪತ್ರಿಕೆಯವರ ಮುಂದೆ ಬಾಯಿಬಿಟ್ಟಿದ್ದ. ರಜೆ ಮುಗಿಸಿ ಕ್ಯಾಂಪಿಗೆ ಹೋದವನು ಬಂದೂಕು ಒರೆಸುವಾಗ ಗುಂಡು ಹಾರಿ ಸತ್ತ ಎಂದು ಅವನ ಹೆಂಡತಿಗೆ ತಿಳಿಸಿದರು. ಅವನು ಎಂದೂ ಬಂದೂಕು ಒರೆಸಿದವನಲ್ಲ, ಅವನ ಕೈಯಲ್ಲಿ ಇರುತ್ತಿದ್ದದ್ದು ಸ್ಪ್ಯಾನರು ಎಂದು ಅನ್ಸೆಲ್ಮೊ ನಗುತ್ತ ಹೇಳಿದ್ದ. ಆ ನಗು ಪಸೀತಾಳಿಗೆ ಈಗಲೂ ಬೆನ್ನಿನಲ್ಲಿ ಹರಿಯುತ್ತದೆ. ಸಮಿತಿಯ ಅಧ್ಯಕ್ಷರಾದ ಸೆನೆಟರ್ ಬಾಲ್ದೊವಿನೊ ಅವರ ಕಾರ್ಯದರ್ಶಿ, ಸೆಗುಂದೊ ಎಂಬ ವಕೀಲ, ಮನೆಗೇ ಬಂದು ಮಾತು ಕೊಟ್ಟಿದ್ದ. “ನೋಡಪ್ಪಾ, ನೀನು ಸಾಕ್ಷಿ ಹೇಳಿದೆಯೋ, ವಿಚಾರಣೆ ಮುಗಿಯೋವರೆಗೂ ನೀನು ಸೆನೆಟ್ಟಿನ ಮನುಷ್ಯ. ನಮ್ಮ ಕಟ್ಟಡದಲ್ಲೇ ಮಲಗೋದು, ನಮ್ಮ ಕಾವಲಿನವರ ಜೊತೆಗೇ ಊಟ. ಕ್ಯಾಂಪಿನವರು ನಿನ್ನ ನೆರಳನ್ನೂ ಮುಟ್ಟೋ ಹಾಗಿಲ್ಲ.” ಅವಳು ಆಗ ಒಳಗೆ ಕಾಫಿ ಸೋಸುತ್ತಿದ್ದಳು. ವಕೀಲ ಅವಳ ಮುಖ ನೋಡಿರಲಿಲ್ಲ. ಬಾಗಿಲ ಪರದೆಯ ಸಂದಿಯಿಂದ ಬಂದ ಕೈಯಿಂದ ಬಟ್ಟಲು ತೆಗೆದುಕೊಂಡಿದ್ದ.

“ಸೆಲ್ಮೊ,” ಅತ್ತೆ ಜಪಮಾಲೆ ಮಡಿಸಿದಳು. “ಕುಂಪಾರೆಗೆ ನಮಸ್ಕಾರ ಹೇಳೋದು ಮರೀಬೇಡ ಕಣೋ. ಎಷ್ಟಾದರೂ ಮಗು ತಲೆ ಹಿಡಿದವರು.”

“ಅಲ್ಲಿ ಕುಂಪಾರೆ ಗಿಂಪಾರೆ ಅಂತೆಲ್ಲ ಇಲ್ಲಮ್ಮ. ಅಲ್ಲಿ ಅವರು ಅಧ್ಯಕ್ಷರು.”

“ಅಧ್ಯಕ್ಷರಾದ ತಕ್ಷಣ ನಂಟು ಕಳಚಿ ಬೀಳತ್ತಾ? ಒಳ್ಳೇ ಕತೆ.”

ಅನ್ಸೆಲ್ಮೊ ಪಸೀತಾಳ ಕಡೆ ನೋಡಿದ. ಬೈಗುಳವಿಲ್ಲದ ಬರಿಯ ನೋಟ. ಬೈದಿದ್ದರೆ ಅವಳು ಆಗಲೇ ಎಲ್ಲವನ್ನೂ ಹೇಳಿಬಿಡುತ್ತಿದ್ದಳೋ ಏನೋ, ನಲ್ಲಿಯ ಹತ್ತಿರ ಬಂದಿದ್ದ ಗಂಡಸಿನ ವಿಷಯವನ್ನೂ. ಅವಳು ಅಂಗಿಯನ್ನು ಮಗುಚಿ ಹಾಕಿ ಬೆನ್ನಿನ ಭಾಗವನ್ನು ಒತ್ತಲು ಶುರುಮಾಡಿದಳು.

ಮಗುವಿನ ಜ್ಞಾನಸ್ನಾನಕ್ಕೆ ಸೆನೆಟರನ್ನು ಕರೆಯುವ ಯೋಚನೆ ಅವಳದೇ. ಅತ್ತೆ ತಲೆಯಾಡಿಸಿದ್ದಳು, ಅಷ್ಟೆ. ಹುಟ್ಟಿದಾಗಿನಿಂದ ಪಸೀತಾ ಕಂಡದ್ದು ಒಂದೇ: ಭಯ ಬಂದಾಗ ಜನ ದೊಡ್ಡವರನ್ನು ನಂಟು ಮಾಡಿಕೊಳ್ಳುತ್ತಾರೆ. ಅವಳ ಅಪ್ಪ ಜಮೀನ್ದಾರನ ಮೇಸ್ತ್ರಿಯನ್ನು ಅವಳಿಗೆ ಜ್ಞಾನತಂದೆ ಮಾಡಿದ್ದ. ಆ ವರ್ಷ ಅವರ ಗುಡಿಸಲನ್ನು ಮಾತ್ರ ಕಿತ್ತಿರಲಿಲ್ಲ. ಚರ್ಚಿನಲ್ಲಿ ಮಗುವನ್ನು ಜ್ಞಾನಸ್ನಾನದ ತೊಟ್ಟಿಯ ಮೇಲೆ ಹಿಡಿದವನು ಮಗುವಿಗೆ ಎರಡನೆಯ ಅಪ್ಪ, ಹೆತ್ತವರಿಗೆ ಕುಂಪಾರೆ. ಒಡಹುಟ್ಟಿದವರು ಕೈಬಿಟ್ಟಾರು, ಕುಂಪಾರೆ ಕೈಬಿಡುವಂತಿಲ್ಲ. ಪಾಪ ತಟ್ಟುತ್ತದೆ. ಸೆನೆಟರ್ ಬಾಲ್ದೊವಿನೊ ತಮ್ಮ ಮನೆಯಲ್ಲಿ ಜನರನ್ನು ನೋಡುವ ದಿನ ಅವಳು ಸಾಲಿನಲ್ಲಿ ನಿಂತಳು. ಮುಂದಿದ್ದವನಿಗೆ ಮಗನ ಕೆಲಸ ಬೇಕಿತ್ತು, ಹಿಂದಿದ್ದವಳಿಗೆ ಶವಪೆಟ್ಟಿಗೆ. ಮೇಜಿನ ಹಿಂದಿದ್ದ ಹುಡುಗಿ ತಲೆಯೆತ್ತದೆ, “ಏನಮ್ಮ ನಿಂದು?” ಎಂದಳು. ನಾನು ಇಂಥವರ ಹೆಂಡತಿ, ನಿಮ್ಮ ಸಮಿತಿಯಲ್ಲಿ ಸಾಕ್ಷಿ ಹೇಳುವವರ ಹೆಂಡತಿ ಎಂದು ಮನೆಯಿಂದ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಅಷ್ಟು ಜನರ ನಡುವೆ “ಮಗು ಜ್ಞಾನಸ್ನಾನ,” ಎಂದಷ್ಟೇ ಹೊರಬಂತು. ಹುಡುಗಿ ಯಾವ ಚರ್ಚು, ಯಾವ ಭಾನುವಾರ ಎಂದು ಕೇಳಿ, “ಆಯ್ತು, ಬರ್ತಾರೆ, ಮುಂದಿನವರು,” ಎಂದಳು. ಇಷ್ಟು ಸುಲಭವಾಗಿ ಆದದ್ದಕ್ಕೆ ಒಂದೇ ಅರ್ಥವೆಂದು ದಾರಿಯಲ್ಲಿ ಪಸೀತಾ ಅಂದುಕೊಂಡಳು: ಅವರಿಗೆ ಗೊತ್ತಿದೆ. ದೊಡ್ಡವರಿಗೆ ಎಲ್ಲ ಗೊತ್ತಿರುತ್ತದೆ.

ಬಂದಿದ್ದರು ಕೂಡ. ಕೂದಲಿಗೆ ಹಚ್ಚಿದ ಎಣ್ಣೆಯ ವಾಸನೆ, ದೊಡ್ಡ ಕಿವಿಗಳು, ಬೆಚ್ಚಗಿನ ಅಗಲ ಅಂಗೈ. ಒಂದೇ ಸಲಕ್ಕೆ ಎಂಟೋ ಹತ್ತೋ ಮಕ್ಕಳು ಸಾಲಾಗಿದ್ದವು. ಅವರು ಒಂದೊಂದರ ತಲೆಯ ಮೇಲೂ ಕೈಯಿಟ್ಟರು, ಒಬ್ಬೊಬ್ಬರ ಜೊತೆಗೂ ಬಾಗಿಲಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಅನ್ಸೆಲ್ಮೊನ ಕೈ ಕುಲುಕಿ, “ಎಲ್ಲಾ ಸೌಖ್ಯವಾ, ಕುಂಪಾರೆ?” ಎಂದರು. ಅವನ ಮುಖ ಸುಣ್ಣದ ಹಾಗಾಗಿತ್ತು. ಮನೆಗೆ ಬಂದು ಬೂಟು ಬಿಚ್ಚುತ್ತ, “ಇದು ಬೇಕಿತ್ತಾ ಪಸೀತಾ?” ಎಂದ. ಆ ಸಂಜೆ ಮಾತ್ರ ಅವಳು ಗಡದ್ದಾಗಿ ಉಂಡಿದ್ದಳು.

ಜನ ಹತ್ತಿಳಿಯುವ ಜೀಪ್ನಿ ಗಾಡಿಯಲ್ಲಿ ಅವನು ಡ್ರೈವರನ ಪಕ್ಕದಲ್ಲಿ ಕೂತ, ಅವಳು ಮಗುವನ್ನು ಎದೆಗೊತ್ತಿಕೊಂಡು ಹಿಂದೆ. ಅದೇ ಓಣಿಯ ಚೇದೆಂಗ್ ಎಂಬವಳಿಂದ ಎರವಲು ತಂದ ಬೂಟು ಹಿಮ್ಮಡಿಯಲ್ಲಿ ಸಡಿಲವಾಗಿ ಪ್ರತಿ ಕುಲುಕಿಗೂ ಕಳಚಿಕೊಳ್ಳುತ್ತಿತ್ತು. ಚಪ್ಪಲಿಯಲ್ಲಿ ಬಂದವರನ್ನು ಸೆನೆಟ್ಟಿನೊಳಗೆ ಬಿಡುವುದಿಲ್ಲ ಎಂದು ಚೇದೆಂಗೇ ಹೇಳಿದ್ದು. ಓಣಿಯಲ್ಲಿ ಎಲ್ಲವೂ ಗೊತ್ತಿರುವವಳು ಅವಳೊಬ್ಬಳೇ. ಮೊನ್ನೆ ನಲ್ಲಿಯ ಹತ್ತಿರವೂ ಅವಳೇ ಶುರು ಹಚ್ಚಿದ್ದು. “ಏನೇ ಪಸೀತಾ, ನಿನ್ನ ಗಂಡ ಕ್ಯಾಂಪಿಗೆ ಹೋಗೋ ಹಂಗೇ ಕಾಣಲ್ಲ? ಎಂಥಾ ಮದ್ದು ಹಾಕಿದೀಯೇ ಮಾರಾಯ್ತಿ, ನಮಗೂ ಒಂಚೂರು ಕೊಡು. ನಮ್ಮನೇದು ಸಂಬಳದ ದಿನ ಬಿಟ್ಟರೆ ಮನೇನೇ ಹತ್ತಲ್ಲ.” ಹೆಂಗಸರು ಕೊಡ ಬಿಟ್ಟು ನಕ್ಕರು. ಆಗ ತಂಪು ಪಾನೀಯದ ಗಾಡಿಗೆ ಒರಗಿದ್ದ ಕಪ್ಪು ಕನ್ನಡಕದ ಗಂಡಸು ಹತ್ತಿರ ಬಂದು, ಬಹಳ ಮರ್ಯಾದೆಯಿಂದ, “ಅಕ್ಕಾ, ಅನ್ಸೆಲ್ಮೊ ಅವರ ಮನೆ ಇದೇ ಓಣಿಯಾ? ನಾವಿಬ್ಬರೂ ಅಲ್ಲಿ ಒಟ್ಟಿಗಿದ್ವಿ,” ಎಂದ. ಅಲ್ಲಿಂದ ಬಂದವರ ಕೈ ಪಸೀತಾ ನೋಡಿದ್ದಳು. ಇವನ ಉಗುರುಗಳು ತಿದ್ದಿದ ಹಾಗಿದ್ದವು. ಅವಳ ಕಿವಿಯೊಳಗೆ ನೀರಿನ ಸದ್ದೆಲ್ಲ ನಿಂತುಹೋಯಿತು. ಹುಟ್ಟಿದಾರಭ್ಯ ಗಂಡಸರೆದುರು ದನಿ ಎತ್ತದವಳು, ನಾಲ್ಕನೇ ಕ್ಲಾಸಿನಲ್ಲಿ ಮೇಡಂ ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ಅತ್ತುಬಿಟ್ಟು ಶಾಲೆಯನ್ನೇ ಬಿಟ್ಟವಳು, ಓಣಿಯೆಲ್ಲ ಕೇಳುವಂತೆ ಹೇಳಿದಳು: “ನಮ್ಮ ತಂಟೆಗೆ ಬರಬೇಡಿ! ಸೆನೆಟರ್ ಬಾಲ್ದೊವಿನೊ ನಮ್ಮ ಕುಂಪಾರೆ. ಮಗೂಗೆ ಅವರದೇ ಹೆಸರಿಟ್ಟಿದೀವಿ!”

ಅವನು ಕನ್ನಡಕ ತೆಗೆದು, ಯಾರೋ ಕೈಗೆ ಮಿಠಾಯಿ ಇಟ್ಟಂತೆ ನಕ್ಕ. “ಹೌದಾ? ಒಳ್ಳೇದಾಯ್ತಲ್ಲ ಅಕ್ಕಾ. ಅಂಥವರ ನಂಟಸ್ತನ ಎಲ್ಲರಿಗೂ ಸಿಗತ್ತಾ? ನೀವೇ ಹೋಗಿ ಕೇಳ್ಕೊಂಡ್ರಾ?”

“ಮತ್ತೆ? ಅವಳೇ,” ಎಂದಳು ಚೇದೆಂಗ್. “ಬಾಯಿಲ್ಲದವಳು ಅಂದ್ಕೋಬೇಡಿ. ಸಾಲಲ್ಲಿ ನಿಂತು ಕೇಳ್ಕೊಂಡು ಬಂದಳು. ಫೋಟೋ ಬೇಕಾ? ಮೂಲೆ ಸ್ಟುಡಿಯೋದವನು ಗಾಜಿನೊಳಗೆ ಇಟ್ಟಿದಾನೆ, ನೋಡ್ಕೊಂಡು ಹೋಗಿ.”

ಅವನು ಹೋದ. ಮನೆ ಯಾವುದೆಂದು ಮತ್ತೆ ಕೇಳಲಿಲ್ಲ. ಕೊಡ ಹೊತ್ತು ನಡೆಯುವಾಗ ಪಸೀತಾಳಿಗೆ ಕುತ್ತಿಗೆ ನೆಟ್ಟಗಾಗಿತ್ತು; ತಾನೊಬ್ಬಳೇ ಒಂದು ಆಪತ್ತನ್ನು ಓಡಿಸಿದೆ ಎಂದು. ಮನೆ ಬಾಗಿಲಿಗೆ ಬರುವ ಹೊತ್ತಿಗೆ ಅದು ಇಳಿದುಹೋಗಿ, ಅದರ ಜಾಗದಲ್ಲಿ ಬೇರೇನೋ ಬಂದು ಕೂತಿತ್ತು. ಹೆದರಬೇಕಾದವನು ಯಾಕೆ ನಕ್ಕ? ಅವತ್ತಿನಿಂದ ಅದೊಂದೇ ಪ್ರಶ್ನೆಯನ್ನು ಅವಳು ಅಕ್ಕಿ ತೊಳೆಯುವಾಗ, ಮಗುವಿನ ಬಟ್ಟೆ ಹಿಂಡುವಾಗ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಗಂಡನಿಗೆ ಹೇಳಬೇಕು ಎಂದುಕೊಳ್ಳುವಷ್ಟರಲ್ಲಿ ಅವನು ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದ. ಅಲ್ಲಿಂದ ಬಂದ ಮೇಲೆ ಅವನು ಅವಳ ಪಕ್ಕದಲ್ಲಿ ಚಾಪೆಯ ಮೇಲೆ ಮಲಗುತ್ತಿರಲಿಲ್ಲ, ಬರಿಯ ಬಿದಿರು ದಬ್ಬೆಯ ಮೇಲೆ, ದೂರಕ್ಕೆ. ಹೆರಿಗೆಯಾದ ಮೇಲೆ ತನ್ನ ಮೈ ವಾಸನೆ ಅವನಿಗೆ ಹೇಸಿಗೆಯಾಗಿರಬೇಕು ಎಂದು ಅವಳು ಎರಡೆರಡು ಸಲ ಸೋಪು ಹಚ್ಚಿ ತೊಳೆದುಕೊಳ್ಳುತ್ತಿದ್ದಳು.

ಸೆನೆಟ್ಟಿನ ಬಾಗಿಲಲ್ಲಿ ಕಾವಲಿನವನು ಅವಳ ಚೀಲಕ್ಕೆ ಕೈಹಾಕಿ ಮಗುವಿನ ಬಟ್ಟೆಗಳನ್ನು ಒಂದೊಂದಾಗಿ ಎತ್ತಿ ಹಿಡಿದ. ಕೆಳಗಿನದು ಒದ್ದೆಯಾಗಿತ್ತು. “ಛೆ,” ಎಂದು ಕೈ ಒರೆಸಿಕೊಂಡ. ಹಿಂದೆ ನಿಂತಿದ್ದ ರೇಷ್ಮೆಯುಡುಪಿನ ಹೆಂಗಸು ಬೀಸಣಿಗೆಯ ಮರೆಯಲ್ಲಿ ಮುಗುಳ್ನಕ್ಕಳು. ಅನ್ಸೆಲ್ಮೊನನ್ನು ಸೆಗುಂದೊ ವಕೀಲ ಆಗಲೇ ಬೇರೆ ಬಾಗಿಲಿನಿಂದ ಕರೆದುಕೊಂಡು ಹೋಗಿದ್ದ. ಅವಳು ಮೇಲಿನ ಸಾಲುಗಳಲ್ಲಿ, ಕಂಬದ ಪಕ್ಕ, ಬೇಗ ಎದ್ದು ಹೋಗಬಹುದಾದ ಜಾಗದಲ್ಲಿ ಕೂತಳು. ಕೆಳಗೆ ಉದ್ದನೆಯ ಮೇಜು, ನೀರಿನ ಲೋಟಗಳು, ಬಿಳಿ ಅಂಗಿಯ ದೊಡ್ಡವರು. ನಡುವೆ ಬಾಲ್ದೊವಿನೊ. ಅವರೆಲ್ಲ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಮಾತು ಮುಗಿದು ಜನ ನಕ್ಕಾಗ ಏನೋ ತಮಾಷೆಯಾಯಿತೆಂದು ಅವಳಿಗೆ ತಿಳಿಯುತ್ತಿತ್ತು. ಪಕ್ಕದವರು ನಕ್ಕರೆ ಅವಳೂ ಸ್ವಲ್ಪ ತುಟಿ ಅರಳಿಸುತ್ತಿದ್ದಳು. ಆಮೇಲೆ ತನ್ನ ಗಂಡನನ್ನೇ ಕುರಿತು ನಕ್ಕಿದ್ದರೋ ಏನೋ ಎಂದು ಮೈ ಬಿಸಿಯಾಯಿತು.

ಅನ್ಸೆಲ್ಮೊ ಕೈಯೆತ್ತಿ ಪ್ರಮಾಣ ಮಾಡಿದ. ನಮ್ಮ ಮಾತಿನಲ್ಲೇ ಹೇಳುತ್ತೇನೆ ಎಂದ. ಅವನ ದನಿ ಧ್ವನಿವರ್ಧಕದಲ್ಲಿ ಹಾದು ಬರುವಾಗ ಬೇರೆಯೇ ಆಗಿತ್ತು, ಯಾವುದೋ ದೂರದ ಊರಿನ ರೇಡಿಯೋದಂತೆ. ಮನೆಯಲ್ಲಿ ತುಂಡು ತುಂಡಾಗಿ ಬಿದ್ದದ್ದೆಲ್ಲ ಇಲ್ಲಿ ಸಾಲಾಗಿ ಬಂತು: ಯಾರು ಹೇಳಿದರು, ಎಲ್ಲಿ ತುಂಬಿದರು, ಮೂಟೆಗಳನ್ನು ಹೇಗೆ ಮೇಲೆ ಜೋಡಿಸಿದರು. ಸಭೆಯಲ್ಲಿ ಬೀಸಣಿಗೆಗಳು ನಿಂತವು. “ಹಳ್ಳಿಯಿಂದ ಹೆಣ ತರುವಾಗ ಚಾಪೆ ಸಾಲಲಿಲ್ಲ, ಸಾರ್. ಕೊನೇದು ಸಣ್ಣ ಮಗು. ನಾನು ಮಲಗ್ತಿದ್ದ ಚಾಪೆ ಲಾರಿಯಲ್ಲೇ ಇತ್ತು. ಅದನ್ನ ಹೊದಿಸಿದೆ,” ಎಂದ. ಪಸೀತಾ ಮಗುವನ್ನು ಗಟ್ಟಿಯಾಗಿ ಹಿಡಿದಳು. ಬಿದಿರು ದಬ್ಬೆ. ಗೋಡೆಯ ಕಡೆ ತಿರುಗಿದ ಬೆನ್ನು. ಇಷ್ಟು ದಿನ ತಾನು ಸೋಪು ಹಚ್ಚಿಕೊಂಡದ್ದು. ಇಷ್ಟೊಂದು ಜನರಿಗೆ ಹೇಳಿದ್ದನ್ನು ನನಗೊಬ್ಬಳಿಗೆ ಯಾಕೆ ಹೇಳಲಿಲ್ಲ ಎಂದು ಒಂದು ಸಣ್ಣ ಸಿಟ್ಟು ಬಂತು, ಆ ಸಿಟ್ಟಿಗೆ ನಾಚಿಕೆ ಬಂತು, ನಾಚಿಕೆಯ ಬೆನ್ನಿಗೇ ಒಂದು ನಿರಾಳ: ಇವರೆಲ್ಲ ನಂಬುತ್ತಿದ್ದಾರೆ. ಬಾಲ್ದೊವಿನೊ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ನಮ್ಮ ಕುಂಪಾರೆ ಎಂದುಕೊಂಡಳು.

ಆಗಲೇ ಅವಳು ನಲ್ಲಿಯ ಹತ್ತಿರ ಬಂದಿದ್ದವನನ್ನು ಕಂಡಳು. ಕಪ್ಪು ಕನ್ನಡಕ ಇರಲಿಲ್ಲ, ಮೈಮೇಲೆ ಒಳ್ಳೆಯ ಅಂಗಿಯಿತ್ತು, ಆದರೂ ಅವನೇ. ಮೇಜಿನ ತುದಿಯಲ್ಲಿದ್ದ ತೆಳ್ಳನೆಯ ಸೆನೆಟರ್ ಇಲಾಗನ್ ಅವರ ಬೆನ್ನ ಹಿಂದೆ ಬಗ್ಗಿ ಕಿವಿಯಲ್ಲಿ ಏನೋ ಹೇಳುತ್ತಿದ್ದ. ಇಲಾಗನ್ ಸರ್ಕಾರದ ಕಡೆಯವರು ಎಂದು ಅನ್ಸೆಲ್ಮೊ ಹೇಳಿದ್ದ. ಅವರು ಕೇಳುತ್ತ ತಲೆಯಾಡಿಸಿದರು. ಆಮೇಲೆ ಇಂಗ್ಲಿಷ್ ಬಿಟ್ಟು, ಮನೆಯ ಜಗುಲಿಯಲ್ಲಿ ಕೂತ ಮಾವನಂತೆ, ನಮ್ಮ ಮಾತಿನಲ್ಲೇ ಶುರುಮಾಡಿದರು.

“ಕಷ್ಟ ಪಟ್ಟಿದೀಯಪ್ಪಾ ತಮ್ಮಾ. ಮಕ್ಕಳೆಷ್ಟು?”

“ಒಬ್ಬನೇ ಸಾರ್. ಇನ್ನೂ ಕೂಸು.”

“ದೇವರು ಚೆನ್ನಾಗಿಟ್ಟಿರಲಿ. ಏನು ಹೆಸರಿಟ್ಟೆ?”

ಅನ್ಸೆಲ್ಮೊ ತಡೆದ. “ಒನೊರಾತೊ.”

“ಒಳ್ಳೇ ಹೆಸರು. ಈಗಿನವರು ಯಾರೂ ಇಡಲ್ಲ. ನಮ್ಮ ಅಧ್ಯಕ್ಷರ ಹೆಸರೂ ಅದೇ ನೋಡು, ಏನು ಪುಣ್ಯ. ಜ್ಞಾನತಂದೆ ಯಾರು?”

ಸುತ್ತಿಗೆ ಮೇಜಿಗೆ ಬಡಿಯಿತು. “ಇದಕ್ಕೂ ವಿಚಾರಣೆಗೂ ಏನು ಸಂಬಂಧ?” ಎಂದರು ಬಾಲ್ದೊವಿನೊ.

“ಅದನ್ನೇ ನಾನೂ ಕೇಳ್ತಿರೋದು ಅಧ್ಯಕ್ಷರೆ,” ಎಂದು ಇಲಾಗನ್ ಒಂದು ಫೋಟೋವನ್ನು ಮೇಜಿನ ಮೇಲೆ ಜಾರಿಸಿದರು. ಅದು ಕೈಯಿಂದ ಕೈಗೆ ದಾಟಿ ನಡುವಿಗೆ ಬಂತು. ಸ್ಟುಡಿಯೋದ ಗಾಜಿನೊಳಗೆ ಇದ್ದದ್ದು. ಮೂಲೆಯಲ್ಲಿ ಬಿಸಿಲಿಗೆ ಮಾಸಿದ ಗುರುತನ್ನು ಪಸೀತಾ ಇಷ್ಟು ದೂರದಿಂದಲೂ ಕಾಣಬಲ್ಲಳು. ಬಾಲ್ದೊವಿನೊ ನೋಡಿದರು. ಇನ್ನೊಮ್ಮೆ ನೋಡಿದರು. ಅವರ ಮುಖದಲ್ಲಿ ಅವಳು ಹುಡುಕಿದ್ದು ಸಿಗಲಿಲ್ಲ. ನೆನಪು ಮುಚ್ಚಿಡುವವರ ಮುಖ ಅದಾಗಿರಲಿಲ್ಲ, ನೆನಪೇ ಇಲ್ಲದವರ ಮುಖ. ಅವರಿಗೆ ಗೊತ್ತಿರಲಿಲ್ಲ. ಅವತ್ತೂ, ಇವತ್ತು ಈ ಗಳಿಗೆಯವರೆಗೂ. ನೆಲ ಒಂದು ಮೆಟ್ಟಿಲಿನಷ್ಟು ಕೆಳಗಿಳಿದಂತಾಯಿತು ಅವಳಿಗೆ.

“ವರ್ಷಕ್ಕೆ ನೂರಾರು ಮಕ್ಕಳ ತಲೆ ಹಿಡೀತೀನಿ ನಾನು,” ಎಂದರು ಅವರು. “ಒಬ್ಬೊಬ್ಬರನ್ನೂ ನೆನಪಿಟ್ಟುಕೊಳ್ಳೋಕಾಗತ್ತಾ?”

“ಅಯ್ಯೋ, ಕುಂಪಾರೆಯ ಗುರುತೇ ಇಲ್ಲ ಅಂದ್ರೆ ಹೇಗೆ! ಪಾಪ, ಅವನು ನಿಮಗೋಸ್ಕರ ಇಲ್ಲಿವರೆಗೂ ಬಂದು ಕೂತಿದಾನೆ.” ಇಲಾಗನ್ ಸುತ್ತ ನೋಡಿದರು. “ಮಗುವನ್ನ ತೊಳೆದ ನೀರಲ್ಲೇ ಸಾಕ್ಷಿಯನ್ನೂ ತೊಳೆದು ತಂದ ಹಾಗಿದೆ.” ಈ ಸಲದ ನಗು ಅವಳಿಗೆ ಪೂರ್ತಿ ಅರ್ಥವಾಯಿತು. “ಇರಲಿ. ತಮ್ಮಾ, ಯಾರು ಯಾರನ್ನ ಕೇಳ್ಕೊಂಡಿದ್ದು? ಅಧ್ಯಕ್ಷರ ಕಡೆಯವರು ನಿನ್ನ ಹತ್ತಿರ ಬಂದ್ರಾ?”

“ಇಲ್ಲ ಸಾರ್. ನಾನೇ ಹೋಗಿ ಕೇಳ್ಕೊಂಡೆ.”

“ನೀನೇ?”

“ನಾನೇ.”

ಹೆಂಡತಿಯ ಹೆಸರು ಬರಬಾರದೆಂದು ಅವನು ಅದನ್ನು ಎಷ್ಟು ಬೇಗ ಹೇಳಿದನೆಂದರೆ ಪಸೀತಾಳಿಗೆ ಅಳು ಬಂತು. ಇಲಾಗನ್ ಲೋಟದಿಂದ ಒಂದು ಗುಟುಕು ನೀರು ಕುಡಿದರು. ತಲೆಯೆತ್ತಿ ಮೇಲಿನ ಸಾಲುಗಳ ಉದ್ದಕ್ಕೂ ಕಣ್ಣಾಡಿಸಿದರು. ಹಿಂದಿದ್ದವನು ಬೆರಳು ತೋರಿಸಬೇಕಾಗಿ ಬರಲಿಲ್ಲ. ಮಗು ಎತ್ತಿಕೊಂಡವಳು ಅಲ್ಲಿ ಅವಳೊಬ್ಬಳೇ.

“ಅಲ್ಲಿ ಕಂಬದ ಹತ್ತಿರ ಕೂತಿರೋ ತಾಯಿ. ನೀನೇ ಅಲ್ವಾ ಇವನ ಹೆಂಡ್ತಿ? ಎದ್ದು ನಿಲ್ಲಮ್ಮ, ಹೆದರಬೇಡ. ಪ್ರಮಾಣ ಗಿಮಾಣ ಏನೂ ಬೇಡ. ನಿಮ್ಮ ಓಣಿಯಲ್ಲಿ ಬೇರೆ ತರ ಹೇಳ್ತಾರಪ್ಪ. ಸೆನೆಟರನ್ನ ಕೇಳ್ಕೊಂಡೋರು ಯಾರು?”

ಬಾಲ್ದೊವಿನೊ ಮತ್ತೆ ಸುತ್ತಿಗೆ ಬಡಿದರು. ಪತ್ರಿಕೆಯವರು ಆಗಲೇ ಕುರ್ಚಿ ತಿರುಗಿಸಿಯಾಗಿತ್ತು. ಅವಳು ಎದ್ದಳು. ಎರವಲು ಬೂಟಿನ ಒಂದು ಕಾಲು ಹಿಂದೆಯೇ ಉಳಿಯಿತು. ಇಷ್ಟೊಂದು ಕಣ್ಣುಗಳು ಒಟ್ಟಿಗೇ ತನ್ನ ಮೇಲೆ ಬಿದ್ದದ್ದು ಅವಳ ಜೀವಮಾನದಲ್ಲೇ ಇಲ್ಲ. ಕೆಳಗೆ ಅನ್ಸೆಲ್ಮೊ ಕುರ್ಚಿಯಲ್ಲಿ ತಿರುಗಿದ್ದ, ತಲೆಯನ್ನು ಸಣ್ಣಗೆ, ಬಹಳ ಸಣ್ಣಗೆ ಅಲ್ಲಾಡಿಸುತ್ತಿದ್ದ. ಬೇಡ ಎಂದೋ? ಅಳಬೇಡ ಎಂದೋ? ಅವಳಿಗೆ ಕಂಡದ್ದು ಇಷ್ಟೇ: ತಪ್ಪು ಯಾರದೋ ಒಬ್ಬರದಾಗಬೇಕು ಎಂದು ಇವರೆಲ್ಲ ಕಾಯುತ್ತಿದ್ದಾರೆ, ಅವನು ಅದನ್ನು ಎಳೆದು ತನ್ನ ಮೈಮೇಲೆ ಹಾಕಿಕೊಂಡಿದ್ದಾನೆ, ಅದನ್ನು ತಾನು ವಾಪಸ್ ತೆಗೆದುಕೊಂಡರೆ ಅವನನ್ನು ಬಿಟ್ಟುಬಿಡುತ್ತಾರೆ. ಇಷ್ಟು ಸ್ಪಷ್ಟವಾಗಿ ಅವಳಿಗೆ ಯಾವುದೂ ಎಂದೂ ಕಂಡಿರಲಿಲ್ಲ. ಮೇಡಂ ಮುಂದೆ ಬಾರದ ದನಿ ಬಂತು.

“ನಾನು ಸಾರ್. ನಾನೊಬ್ಬಳೇ ಹೋಗಿದ್ದು. ನಮ್ಮನೆಯವರಿಗೆ ಗೊತ್ತೇ ಇರಲಿಲ್ಲ. ಅವರದೇನೂ ತಪ್ಪಿಲ್ಲ.”

ಸಭೆಯಲ್ಲಿ ಒಂದು ಉಸಿರು ಎಳೆದಂಥ ಸದ್ದಾಯಿತು. ಇಲಾಗನ್ ನಗಲಿಲ್ಲ, ದುಃಖವಾದವರಂತೆ ತಲೆ ತಗ್ಗಿಸಿದರು.

“ಕೂತ್ಕೋ ತಾಯಿ. ನೀನು ಸತ್ಯವಂತೆ.” ಅನ್ಸೆಲ್ಮೊನ ಕಡೆ ತಿರುಗಿದರು. “ತಮ್ಮಾ, ದೇವರ ಮೇಲೆ ಆಣೆ ಇಟ್ಟು ಕೂತಿದೀಯ. ಮಗು ಜ್ಞಾನಸ್ನಾನದಂಥ ಸಣ್ಣ ವಿಷಯಕ್ಕೇ ಸುಳ್ಳು ಹೇಳಿದೆ. ಇನ್ನು ಆ ಮೂಟೆಗಳು, ಆ ಚಾಪೆಗಳು, ಅವನ್ನೆಲ್ಲ ನಾವು ಏನಂತ ತಗೋಬೇಕು, ಹೇಳು?”

ಪಸೀತಾ ಇನ್ನೂ ನಿಂತೇ ಇದ್ದಳು. ಕೂರು ಎಂದದ್ದು ಕಿವಿಗೆ ಬಿದ್ದಿತ್ತು, ಮಂಡಿಗೆ ತಲುಪಿರಲಿಲ್ಲ. ಆಮೇಲೆ ಇಂಗ್ಲಿಷ್ ಶುರುವಾಯಿತು. ಒಬ್ಬರ ಮೇಲೊಬ್ಬರು, ಮೇಜು ಬಡಿದು, ಕೈ ಬೀಸಿ. ಮುಖಗಳನ್ನಷ್ಟೇ ಓದಬಲ್ಲ ಅವಳು ಬಾಲ್ದೊವಿನೊ ಅವರ ಮುಖ ಬಾಗಿಲು ಹಾಕಿಕೊಂಡದ್ದನ್ನು ಕಂಡಳು. ಅವರು ಏನನ್ನೋ ಓದಿದಂತೆ ಹೇಳಿ ಸುತ್ತಿಗೆಯನ್ನು ಮೆಲ್ಲಗೆ ಇಟ್ಟರು. ಪಕ್ಕದಲ್ಲಿದ್ದ ಮುದುಕ ಅವಳ ಕಡೆ ನೋಡದೆ ಹೇಳಿದ, “ನಿನ್ನ ಗಂಡನ ಸಾಕ್ಷಿ ತೆಗೆದುಹಾಕಿದ್ರು ಮಗಳೇ. ಹೇಳೇ ಇಲ್ಲ ಅನ್ನೋ ಹಾಗೆ. ಬಿಟ್ಟುಬಿಟ್ಟರು ಅವನನ್ನ.”

ಮೊಗಸಾಲೆಯಲ್ಲಿ ಜನ ಅವಳನ್ನು ತಳ್ಳಿಕೊಂಡು ಹೋಗುತ್ತಿದ್ದರು. ಬಾಲ್ದೊವಿನೊ ಪತ್ರಿಕೆಯವರ ನಡುವೆ ಹಾದುಹೋದರು, ಅದೇ ಎಣ್ಣೆಯ ವಾಸನೆ. ಅವಳು ಬಾಯಿ ತೆರೆದಳು. ಕರೆಯಲು ಇದ್ದದ್ದು ಒಂದೇ ಪದ, ಅದನ್ನು ಇನ್ನು ಈ ಕಟ್ಟಡದಲ್ಲಿ ಆಡುವ ಹಾಗಿರಲಿಲ್ಲ. ಸೆಗುಂದೊ ವಕೀಲ ಮಾತ್ರ ನಿಂತ. ಬೆವರಿಗೆ ಅವನ ಅಂಗಿ ಬೆನ್ನಿಗೆ ಅಂಟಿತ್ತು.

“ಒಂದು ಮಾತು ಹೇಳಬಾರದಿತ್ತೇನಮ್ಮಾ? ಸಾಲಲ್ಲಿ ನಿಂತಾಗ, ಇಂಥವನ ಹೆಂಡ್ತಿ ಅಂತ ಒಂದೇ ಒಂದು ಮಾತು? ಬೇರೆ ಯಾವ ದಿನ ಆದರೂ ಆಗ್ತಿತ್ತು. ವಿಚಾರಣೆ ಮುಗಿದ ಮೇಲೆ ಬೇಕಾದ್ರೆ ನಾನೇ ಬಂದು ಮಗು ಹಿಡೀತಿದ್ದೆ.”

“ಇವತ್ತು ಅವರು ಇಲ್ಲೇ ಮಲಗೋದಲ್ವಾ ಸಾರ್? ಕಾವಲಿನವರ ಜೊತೆ?”

ಅವನು ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡ. “ಸಾಕ್ಷಿ ಆಗಿದ್ರೆ ಮಲಗಬಹುದಿತ್ತು,” ಎಂದು ಹೇಳಿ, ಯಾರೋ ಕರೆದರೆಂದು ಹೋದ. ಯಾರೂ ಕರೆದದ್ದು ಅವಳಿಗೆ ಕೇಳಿಸಿರಲಿಲ್ಲ.

ಮೆಟ್ಟಿಲುಗಳ ಕೆಳಗೆ, ಕಣ್ಣು ಕುಕ್ಕುವ ಬಿಸಿಲಿನಲ್ಲಿ, ಮಿಲಿಟರಿ ಜೀಪೊಂದು ನಿಂತಿತ್ತು. ತೋಳಿಗೆ ಪಟ್ಟಿ ಕಟ್ಟಿದ್ದ ಇಬ್ಬರು ಸಿಪಾಯಿಗಳ ನಡುವೆ ಅನ್ಸೆಲ್ಮೊ ನಡೆಯುತ್ತಿದ್ದ. ಅವನನ್ನು ಹಿಡಿದಿರಲಿಲ್ಲ, ಹಿಡಿಯಬೇಕಾದ ಅಗತ್ಯ ಯಾರಿಗೂ ಕಂಡ ಹಾಗಿರಲಿಲ್ಲ. ಇಬ್ಬರೂ ಹುಡುಗರೇ, ಒಬ್ಬನಿಗೆ ಮೀಸೆ ಸರಿಯಾಗಿ ಬಂದಿರಲಿಲ್ಲ. ಅವಳು ಬೂಟುಗಳನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಓಡಿ ಬಂದಳು. ಕಲ್ಲು ಸುಡುತ್ತಿತ್ತು.

“ರಜೆ ಇನ್ನೂ ಮುಗಿದಿಲ್ಲ ಇವರಿಗೆ,” ಎಂದಳು.

“ಕ್ಯಾಂಪಿಂದ ಹೇಳಿ ಕಳಿಸಿದಾರೆ ಅಕ್ಕಾ,” ಎಂದ ಮೀಸೆ ಬಾರದವನು. ತನ್ನ ಬೂಟಿನ ತುದಿ ನೋಡುತ್ತಿದ್ದ.

ಅನ್ಸೆಲ್ಮೊ ಮಗುವಿನ ಹಣೆಯ ಮೇಲೆ ಅಂಗೈಯನ್ನು ಮರೆಯಾಗಿ ಹಿಡಿದ. “ಬಿಸಿಲು ಬೀಳ್ತಿದೆ ನೋಡು ಇವನಿಗೆ. ನೆರಳಲ್ಲಿ ಕರ್ಕೊಂಡು ಹೋಗು. ಅಮ್ಮನಿಗೆ ನಾನು ಊಟ ಮಾಡಿದೀನಿ ಅಂತ ಹೇಳು.”

“ನಿಮ್ಮನ್ನ ಉಳಿಸಬೇಕು ಅಂತ ಹೇಳಿದ್ದು ನಾನು,” ಎಂದಳು ಅವಳು.

“ಗೊತ್ತು. ನಾನೂ ಅದಕ್ಕೇ ಹೇಳಿದ್ದು.” ಅವನು ನಕ್ಕ. ರುಫೀನೊನ ಸ್ಪ್ಯಾನರಿನ ಮಾತು ಹೇಳಿದಾಗಿನ ನಗು ಅಲ್ಲ ಇದು. ಮದುವೆಗೆ ಮುಂಚೆ ಸಮುದ್ರದ ಗೋಡೆಯ ಮೇಲೆ ಕೂತು ಕಡಲೆಕಾಯಿ ಸುಲಿದು ಕೊಡುವಾಗ ನಗುತ್ತಿದ್ದನಲ್ಲ, ಅದು. ಅವನು ಹಿಂದಿನ ಸೀಟಿಗೆ ಹತ್ತಿದ. ಒಬ್ಬ ಅವನ ಪಕ್ಕದಲ್ಲಿ, ಇನ್ನೊಬ್ಬ ಮುಂದೆ. ಡ್ರೈವರ್ ಕೀಲಿ ತಿರುಗಿಸಿದ. ಮೆಟ್ಟಿಲ ಮೇಲೆ ನಿಂತಿದ್ದ ಜನ ಗಾಡಿಗಳಿಗೆ ಕೈ ಮಾಡುತ್ತಿದ್ದರು, ಊಟಕ್ಕೆ ಎಲ್ಲಿಗೆ ಹೋಗೋಣ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಪಸೀತಾ ಒಂದು ಕೈಯಲ್ಲಿ ಮಗು, ಇನ್ನೊಂದರಿಂದ ಜೀಪಿನ ಬಿಸಿ ಕಂಬಿಯನ್ನು ಹಿಡಿದುಕೊಂಡಳು.

“ನಾನೂ ಬರಲಾ?” ಎಂದು ಕೇಳಿದಳು. ಮುಂದಿದ್ದವನು ಮುಂದಕ್ಕೇ ನೋಡುತ್ತಿದ್ದ. ಮೀಸೆ ಬಾರದವನು ಕೊರಳಪಟ್ಟಿ ಸರಿಮಾಡಿಕೊಂಡ. ಅನ್ಸೆಲ್ಮೊ ಕಣ್ಣು ಮುಚ್ಚಿದ್ದ. ಇಂಜಿನ್ನು ಕೆಮ್ಮಿ, ಹತ್ತಿತು. ಅವಳು ದನಿ ಏರಿಸಿದಳು.

“ಮಗು ತೊಡೆ ಮೇಲೇ ಇರತ್ತೆ ಸಾರ್, ಜಾಗ ಜಾಸ್ತಿ ಬೇಕಾಗಲ್ಲ. ನನ್ನನ್ನೂ ಕೂರಿಸ್ಕೊಳ್ಳಿ.”